ದೊರೆಸಾನಿ ಹೊಲಿದ ಕೌದಿ

ಮೊನ್ನೆ ಸೊಸೆ ನನ್ನ ಹಳೆಯ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತು. ತಳದಿಂದ ಒಂದು ಕೌದಿ ಎಳೆದು, "ಅತ್ತೆ, ಎಷ್ಟು ಚಂದ ಐತೆ! ಒಂದಿನಾನೂ ಹೊದ್ದಿಲ್ವಲ್ಲ, ಯಾಕೆ?" ಅಂದಳು. "ಮುಟ್ಟಬೇಡ, ಇಡು ಅಲ್ಲಿ" ಎಂದು ರೇಗಿದೆ. ಪಾಪ, ಅವಳ ಮೇಲಿನ ಸಿಟ್ಟಲ್ಲ ಅದು. ನಲವತ್ತು ವರ್ಷಕ್ಕೂ ಹಳೆಯ ಸಿಟ್ಟು. ನಿಮಗೆ ಪುರುಸೊತ್ತಿದ್ದರೆ ಕೂತು ಕೇಳಿ.

ಎಪ್ಪತ್ತರ ದಶಕದ ಕೊನೆಯಲ್ಲಿ, ಬಿಳಿಚೋಡಿನ ಬಯಲಲ್ಲಿ ಬೆಳೆದ ನನಗೆ ನ್ಯಾಮತಿ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ಊರಿಗೊಬ್ಬ ದೊರೆಸಾನಿ ಇದ್ದರು. ಹಿಂದೆ ಆ ಸೀಮೆ ಆಳಿದ ಪಾಳೆಯಗಾರರ ಕಿರಿಯ ಕವಲಿನ ಕೊನೆಯ ಮಗಳು. ಸರಿಜೋಡಿ ಮನೆತನ ಸಿಗಲಿಲ್ಲವೆಂದು ಹಿರಿಯರು ಮದುವೆಯನ್ನೇ ಮಾಡಿರಲಿಲ್ಲ. ಅರಮನೆ ಎಂದೊಡನೆ ಏನೇನೋ ಊಹಿಸಿಕೊಳ್ಳಬೇಡಿ. ಮುಂಬಾಗಿಲು ಮಾತ್ರ ಅರಮನೆಯದು, ಒಳಗೆ ಎರಡು ಕೋಣೆ, ಉಳಿದದ್ದೆಲ್ಲ ಆಕಾಶ. ಸರ್ಕಾರ ರಾಜಧನ ನಿಲ್ಲಿಸಿತೆಂದು ದೊಡ್ಡ ರಾಜರು ಇನ್ನೂ ಗೋಳಾಡುತ್ತಿದ್ದ ಕಾಲ ಅದು. ಇವರಿಗೆ ನಿಲ್ಲಿಸುವುದಕ್ಕೂ ಏನೂ ಇರಲಿಲ್ಲ.

ಬನ್ನಿ ಹಬ್ಬದ ದಿನ ಅವರು ತಾಯಿಯ ಕೆಂಪು ಜರಿ ಸೀರೆ ಉಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು. ಇಡೀ ಊರು ಬಂದು ಬನ್ನಿ ಕೊಟ್ಟು ಕಾಲಿಗೆ ಬೀಳುತ್ತಿತ್ತು. ಮರುದಿನದಿಂದ ಅವರು ಉಂಡರೋ ಬಿಟ್ಟರೋ, ಕೇಳುವ ನರಪಿಳ್ಳೆ ಇಲ್ಲ. ಅವರು ಅಂಗಡಿಗೆ ಬರುವಂತಿಲ್ಲ, ದುಡಿಯುವಂತಿಲ್ಲ, ಅವರೆದುರು ಯಾರೂ ಕೂರುವಂತಿಲ್ಲ. "ದೊರೆಮನೇರು ಕೂಲಿ ಮಾಡಿದ್ರೆ ಊರ ಮರ್ಯಾದೆ ಏನಾಗ್ಬೇಕ್ರಿ, ಟೀಚರ್?" ಎಂದು ಗೌಡರ ಹೆಂಡತಿ ಶಾಂತಮ್ಮ ನನ್ನನ್ನೇ ಕೇಳಿದ್ದರು. ಮರ್ಯಾದೆ ಊರಿನದು, ಹಸಿವು ಅವರದು. ಎಂಥ ಹಂಚಿಕೆ ನೋಡಿ!

ನಾನು ಓದಿ ಮುಗಿಸಿದ ವಾರಪತ್ರಿಕೆಗಳನ್ನು ಅವರಿಗೆ ಕೊಟ್ಟು ಬರುತ್ತಿದ್ದೆ. "ಕೂತ್ಕಳ್ರಿ ಟೀಚರ್" ಎನ್ನುವರು. "ಇರ್ಲಿ ಬಿಡ್ರಿ" ಎಂದು ಕಂಬಕ್ಕೆ ಒರಗಿ ನಿಲ್ಲುತ್ತಿದ್ದೆ. ಮಕ್ಕಳಿಗೆ ಸಮಾನತೆಯ ಪಾಠ ಮಾಡಿ ನೇರ ಅಲ್ಲಿಗೆ ಹೋದವಳು ನಾನು!

ಚನ್ನಗಿರಿಯಿಂದ ಆ ಊರಿಗೆ ಮದುವೆಯಾಗಿ ಬಂದಿದ್ದ ಫಾತಿಮಾಬಿ ಮನೆಮನೆಯ ಹಳೆ ಸೀರೆ, ಪಂಚೆ ಒಯ್ದು ಕೌದಿ ಮಾಡಿ ತರುತ್ತಿದ್ದಳು. ಜೋಳವನ್ನೋ ಬೇಳೆಯನ್ನೋ ಕೊಟ್ಟರಾಯಿತು. ಮಾಗಿಯ ಚಳಿಗೆ ನಾನೂ ಒಂದು ಹೇಳಿದೆ. ಬಂದ ಕೌದಿಯ ಹೊಲಿಗೆ ಇರುವೆ ಸಾಲಿನಷ್ಟು ನೇರ. ಕಾಲ ಕಡೆಯ ಅಂಚಿಗೆ ಕೆಂಪು ಜರಿಯ ಪಟ್ಟಿ. ನನ್ನ ಹೊಟ್ಟೆಯಲ್ಲಿ ಸಂತೋಷ ನಿಲ್ಲುವುದಿಲ್ಲ. ಶಾಂತಮ್ಮನನ್ನು ಕರೆದು, "ನೋಡ್ರಿ, ಜರಿ ಬೇರೆ!" ಎಂದು ಬೀಗಿದೆ. ಆಕೆ ಜರಿ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡರು. "ಟೀಚರ್, ಇದು ದೊರೆಸಾನಿಯೋರ ಬನ್ನಿ ಹಬ್ಬದ ಸೀರೆ ಕಣ್ರಿ!"

ಸಂಜೆಯೊಳಗೆ ಫಾತಿಮಾಬಿಯನ್ನು ಊರ ಕಟ್ಟೆಗೆ ಕರೆಸಿದರು. ಅವಳು ಅಳುಕಲಿಲ್ಲ. "ಹೌದು, ಹೊಲಿಯಾದು ಅವ್ರು. ನಾನು ತಂದ್ ಕೊಡ್ತೀನಿ, ಕಾಳು ಒಯ್ದು ಅವ್ರಿಗೆ ಮುಟ್ಟಿಸ್ತೀನಿ. ನಾಕು ವರ್ಷದಿಂದ ನೀವೆಲ್ಲ ಬೆಚ್ಚಗೆ ಮಲಗಿರಾದು ಅವ್ರ ಕೈಯಿಂದ. ತಪ್ಪಾತಾ?"

ತಪ್ಪಾಯಿತಂತೆ! ಊರು ನಾಚಿ ನಾಲ್ಕು ಚೀಲ ಜೋಳ ಹೊತ್ತು ಹೋಗಿದ್ದರೆ ನಾನಿದನ್ನು ಹೇಳುತ್ತಲೇ ಇರಲಿಲ್ಲ. ಬದಲಿಗೆ ಎಲ್ಲರೂ ಕೌದಿಗಳನ್ನು ಒಗೆದು, ಮಡಿಚಿ, ಅರಿಶಿನ ಕುಂಕುಮ ಹಚ್ಚಿ ಆ ಮುಂಬಾಗಿಲಲ್ಲಿ ಪೇರಿಸಿದರು. "ದೊರೆಮನೇರ ಕೈಕೆಲ್ಸ ಕಾಲಿಗ್ ಹಾಕ್ಕಂಡು ಪಾಪ ಕಟ್ಕಂಡ್ವಿ ತಾಯಿ" ಎಂದು ಅಡ್ಡಬಿದ್ದರು. ಇನ್ನು ಮೇಲೆ ಫಾತಿಮಾಬಿಗೆ ಯಾರೂ ಹಳೆಬಟ್ಟೆ ಕೊಡಕೂಡದೆಂದು ಕಟ್ಟು ಮಾಡಿದರು. ಬೈದು ಅನ್ನ ಕಿತ್ತುಕೊಳ್ಳುವವರನ್ನು ಕಂಡಿದ್ದೇನೆ. ಕೈಮುಗಿದು ಕಿತ್ತುಕೊಂಡವರನ್ನು ಅಲ್ಲೇ ಕಂಡದ್ದು.

ದೊರೆಸಾನಿ ಆ ರಾಶಿಯ ಪಕ್ಕ ನಿಂತಿದ್ದರು. ನನ್ನ ಕಂಕುಳಲ್ಲೂ ಒಂದು ಕೌದಿ ಇತ್ತು.

"ನೀವೂನಾ, ಟೀಚರ್?"

"ಅಂಥಾ ಸೀರೆ ಹರಿದು ಕಾಲ ಕಡೆ ಹಾಕೋದಾ?" ಎಂದು ಪೆದ್ದಿಯಂತೆ ಕೇಳಿದೆ.

"ಕೌದಿ ಮೊದ್ಲು ಹರಿಯಾದೇ ಕಾಲ ಕಡೆ. ಗಟ್ಟಿ ಬಟ್ಟೆ ಇರ್ಲಿ ಅಂತ ಹಾಕ್ದೆ. ಹೊದಿಯಾಕೆ ಹೊಲಿದಿದ್ದು, ಪೂಜೆ ಮಾಡಾಕಲ್ಲ. ತಗಂಡ್ ಹೋಗ್ರಿ, ಹೊದ್ಕಳ್ರಿ."

ತೆಗೆದುಕೊಂಡು ಬಂದೆ.

ಮಳೆಗಾಲಕ್ಕೆ ಮುಂಚೆ ಜಗಳೂರು ಕಡೆಯ ಹಿರಿಯ ಕವಲಿನವರು ಅವರನ್ನು ಕರೆದೊಯ್ದರು. ಅಲ್ಲಿ ಇಡೀ ಮನೆಗೆ ಅವರೇ ರೊಟ್ಟಿ ಬಡಿಯುತ್ತಿದ್ದರಂತೆ. ಅದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ, ಯಾಕೆಂದರೆ ಅದಕ್ಕೆ ಕೂಲಿ ಇರಲಿಲ್ಲ! ಕೆಲವು ವರ್ಷದ ಮೇಲೆ ಫಾತಿಮಾಬಿ ಶಾಲೆಗೆ ಬಂದು, "ನಮ್ ಗೌರಮ್ಮ ಹೋದ್ಲು, ಟೀಚರ್" ಎಂದು ಅತ್ತಳು. ದೊರೆಸಾನಿಗೊಂದು ಹೆಸರಿದೆ ಎಂದು ನನಗೆ ತಿಳಿದದ್ದೇ ಆಗ. ಅವರನ್ನು ಹೆಸರು ಹಿಡಿದು ಕರೆದವಳು, ಎದುರು ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟವಳು ಇಡೀ ಊರಲ್ಲಿ ಅವಳೊಬ್ಬಳೇ.

ಆ ಊರನ್ನು ನಾನು ಇಷ್ಟು ವರ್ಷ ಬಾಯ್ತುಂಬ ಬೈದಿದ್ದೇನೆ. ಈಗಲೂ ಬೈಯುತ್ತೇನೆ, ಬಿಡುವುದಿಲ್ಲ. ಆದರೆ ಸೊಸೆಯ ಪ್ರಶ್ನೆಗೆ ಉತ್ತರ ಹುಡುಕಿದಾಗ ಸಿಕ್ಕಿದ್ದು ಇಷ್ಟು. ಊರವರು ಕೌದಿಯನ್ನು ಬಾಗಿಲಲ್ಲಿ ಪೇರಿಸಿದರು, ನಾನು ಟ್ರಂಕಿನಲ್ಲಿಟ್ಟೆ. ನನ್ನದಕ್ಕೆ ಬೀಗವಿತ್ತು, ಅಷ್ಟೇ.

ಸೊಸೆಯನ್ನು ಕರೆದು ಅದನ್ನು ಬಿಸಿಲಿಗೆ ಹಾಕಿಸಿದೆ. ಮಧ್ಯಾಹ್ನ ಉಂಡು, ಹೊನ್ನಾಳಿಯ ಈ ಸುಡು ಸೆಕೆಯಲ್ಲಿ, ಕುತ್ತಿಗೆಯವರೆಗೆ ಹೊದ್ದು ಮಲಗಿದೆ. ಜ್ವರವೇನೋ ಎಂದು ಸೊಸೆ ಹಣೆ ಮುಟ್ಟಿ ನೋಡಿದಳು. ಕಾಲು ಚಾಚಿದೆ. ಹಿಮ್ಮಡಿಗೆ ಜರಿ ಒರಟಾಗಿ ತಾಗಿತು. ಗೌರಮ್ಮ ಹೇಳಿದ್ದು ನಿಜ, ಗಟ್ಟಿ ಬಟ್ಟೆ.