ಎಂಬತ್ತು ತೋರಿಸಿದ ಮುಳ್ಳು

ಬಸಣ್ಣನ ಕಣ್ಣಿಗೆ ಏನೂ ಆಗಿರಲಿಲ್ಲ. ಅವನು ಓಡಿಸುತ್ತಿದ್ದ ಕಾರಿಗೆ ಬೇರೆ ಸೈಜಿನ ಟೈರ್ ಹಾಕಿಸಿ, ಸ್ಪೀಡೋಮೀಟರ್ ಸುಳ್ಳು ಹೇಳುವಂತೆ ಮಾಡಿದವನು ನಾನು. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ.

ಆದೋನಿಯಲ್ಲಿ ಹತ್ತಿ ಮಿಲ್ಲಿನ ಸಾವ್ಕಾರರೊಬ್ಬರ ಬಳಿ ನಾವಿಬ್ಬರೂ ಡ್ರೈವರ್‌ಗಳು. ಕೌತಾಳಂ ಕಡೆಯ ಬಸಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು. ನನಗೆ ಕೆಲಸ ಕೊಡಿಸಿದವನೂ ಅವನೇ. ಸಾವ್ಕಾರರ ತಾಯಿಯನ್ನು ವಾರಕ್ಕೆರಡು ಸಲ ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಒಂದು ದಿನ ನಾನು ಕಾರಿನ ಬಾಗಿಲು ತೆರೆದು ನಿಂತಾಗ ಆಕೆ ಎಲ್ಲರ ಮುಂದೆ, "ಇವ ಬ್ಯಾಡ. ಇವ ಓಡಿಸಿದ್ರ ಜೀವ ಬಾಯಿಗೆ ಬರ್ತೈತಿ. ಬಸಣ್ಣನ್ನ ಕರೀರಿ" ಅಂದರು. ಅಷ್ಟೇ. ಅಷ್ಟಕ್ಕೇ ನಾನು —

ತಾಯಿ ಕಾರಿನಲ್ಲಿ ಕೂತಾಗ ವೇಗ ಎಂಬತ್ತು ದಾಟಬಾರದೆಂದು ಸಾವ್ಕಾರರ ಕಟ್ಟಪ್ಪಣೆ. ದಾಟಿದರೆ ಅವರ ಫೋನಿಗೆ ಮೆಸೇಜ್ ಹೋಗುವಂತೆ ಕಾರಿಗೆ ಜಿಪಿಎಸ್ ಹಾಕಿಸಿದ್ದರು. ಬಸಣ್ಣ ತಂಗಿಯನ್ನು ನೋಡಲು ಮದ್ದಿಕೇರಕ್ಕೆ ಹೋಗಿದ್ದಾಗ, ಸವೆದ ಟೈರ್ ಬದಲಿಸುವ ಕೆಲಸ ನನಗೆ ಬಂತು. ನಾನು ದೊಡ್ಡ ಸೈಜಿನವು ಕೇಳಿದೆ.

ಅಂಗಡಿಯವನು ತಡೆದ. "ಬ್ಯಾಡಣ್ಣ. ದೊಡ್ಡ ಟೈರ್ ಒಂದು ಸುತ್ತಿಗೆ ಜಾಸ್ತಿ ದೂರ ಹೋಗ್ತೈತಿ, ಮೀಟರ್‌ಗೆ ಅದು ತಿಳಿಯಂಗಿಲ್ಲ. ಮುಳ್ಳು ಎಂಬತ್ತು ತೋರಿಸಿದ್ರ ಗಾಡಿ ಎಂಬತ್ತಾರ್‌ನ್ಯಾಗ ಇರ್ತೈತಿ."

ನನಗೆ ಬೇಕಾದದ್ದೂ ಅದೇ.

ಬಸಣ್ಣ ಮರಳಿ ಬಂದು ಕಾರು ತಿರುಗಿಸಿದವನೇ ಕೇಳಿದ: "ಸ್ಟೇರಿಂಗ್ ಪೂರಾ ತಿರುವಿದ್ರ ಟೈರ್ ಎಲ್ಲೋ ಉಜ್ಜತೈತಲ್ಲೋ?" ಚಕ್ರದ ಮೇಲಿನ ಪ್ಲಾಸ್ಟಿಕ್ ಅಂಚನ್ನು ಚಾಕುವಿನಿಂದ ಕೊಯ್ದು ಸದ್ದು ನಿಲ್ಲಿಸಿದೆ. ಅವನು ನನ್ನ ಬೆನ್ನು ತಟ್ಟಿದ.

ಹಾಲಹರವಿಯ ನೇರ ದಾರಿಯಲ್ಲಿ ಅವನು ಮುಳ್ಳನ್ನು ಎಂಬತ್ತಕ್ಕೆ ತಂದು ನಿಲ್ಲಿಸುತ್ತಿದ್ದ. ಜಿಪಿಎಸ್ ಮುಳ್ಳನ್ನು ನಂಬುವುದಿಲ್ಲ, ಗಾಡಿಯ ನಿಜವಾದ ವೇಗವನ್ನೇ ಅಳೆಯುತ್ತದೆ; ಪ್ರತಿ ಸಲವೂ ಮೆಸೇಜ್ ಹೋಗುತ್ತಿತ್ತು. ಮೂರನೇ ವಾರ ಸಾವ್ಕಾರರು ಇಬ್ಬರನ್ನೂ ಕರೆಸಿದರು.

"ದಾಟಿಲ್ಲರಿ. ಕಣ್ಣಾರ ನೋಡೀನಿ," ಅಂದ ಬಸಣ್ಣ. ಮೂರು ಸಲ ಅದನ್ನೇ ಅಂದ. ಸಾವ್ಕಾರರು ನನ್ನತ್ತ ತಿರುಗಿದರು. ಆಗಲೂ ಹೇಳಬಹುದಿತ್ತು — ಬಾಯಿ ತೆರೆದೆ, ಬೇರೆಯೇ ಮಾತು ಬಂತು. "ವಯಸ್ಸಾತಲ್ರಿ. ಬಸಣ್ಣಗ ಈಗ ಮುಳ್ಳು ಸರಿಯಾಗಿ ಕಾಣಂಗಿಲ್ಲ."

ಬಸಣ್ಣ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ಇರಬಹುದೇನೋ ಅನ್ನುವವನ ಹಾಗೆ.

ಕೀಲಿ ನನ್ನ ಕೈಗೆ ಬಂದ ಮರುದಿನವೇ ಸರಿಯಾದ ಸೈಜಿನ ಟೈರ್ ಹಾಕಿಸಿದೆ. ಯಾಕೆಂದು ಸಾವ್ಕಾರರು ಕೇಳಿದ್ದಕ್ಕೆ, ಹಿಂದಿನವು ಉಜ್ಜುತ್ತಿದ್ದವು ಅಂದೆ.

ಅವನು ಕಣ್ಣಿನ ಡಾಕ್ಟರ ಬಳಿ ಹೋದ. ಕಣ್ಣಿನಲ್ಲಿ ಏನೂ ತೊಂದರೆ ಇಲ್ಲ ಅಂದರಂತೆ. ಹಾಗಾದರೆ ಕೆಟ್ಟಿರುವುದು ತನ್ನ ತಲೆಯೇ ಎಂದು ಅವನು ತಿಳಿದುಕೊಂಡ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ, ಸೈಕಲ್ ಕೂಡ ಹತ್ತಲಿಲ್ಲ. ಒಂಬತ್ತು ವರ್ಷವಾಯಿತು. ಈಗ ರಸ್ತೆ ದಾಟಬೇಕಾದರೂ ಹೆಂಡತಿ ಲಕ್ಷ್ಮವ್ವನ ಕೈ ಹಿಡಿಯುತ್ತಾನೆ — ಬರುವ ಗಾಡಿ ಎಷ್ಟು ಜೋರಾಗಿದೆ ಎಂದು ತನಗೆ ತಿಳಿಯುವುದಿಲ್ಲವಂತೆ.

ಕಳೆದ ಭಾನುವಾರ ಅವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಟೈರು, ಚಾಕು, ನನ್ನ ಹೊಟ್ಟೆಕಿಚ್ಚು. ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ —

ಅವನು ನಂಬಲಿಲ್ಲ. ನನ್ನ ಕೈ ಹಿಡಿದು, "ನನ್ನ ಸಮಾಧಾನಕ್ಕ ಇಷ್ಟು ದೊಡ್ಡ ಸುಳ್ಳು ಯಾಕ ಹೇಳ್ತೀಯಪ್ಪ? ನನ್ನ ತಲಿ ಸರಿಯಿಲ್ಲ, ನನಗ ಗೊತ್ತೈತಿ" ಅಂದ.

ನಂಬಿದವಳು ಲಕ್ಷ್ಮವ್ವ. ಆಕೆ ಬಾಗಿಲವರೆಗೆ ಬಂದು ಕೇಳಿದ್ದು ಒಂದೇ: "ಇದನ್ನ ಸಾವ್ಕಾರ್ರ ಮುಂದ ಹೇಳ್ತೀಯೇನು?"

ನಾಳೆ ಬೆಳಿಗ್ಗೆ ಹೇಳುತ್ತೇನೆ. ಆಕೆಯೂ ಜೊತೆಗೆ ಬರುತ್ತಾಳೆ — ನಾನು ಒಬ್ಬನೇ ಹೋದರೆ ಹೇಳುತ್ತೇನೆಂಬ ನಂಬಿಕೆ ಆಕೆಗಿಲ್ಲ.