ದೀಪದ ಹಡಗಿನ ಕೆಂಪು ಚಕ್ಕೆ

ಅಹನಾ ಚೀಪಿದ್ದು ಕುಂಕುಮವೋ, ಹಳೇ ಹಡಗಿನ ಬಣ್ಣವೋ? ಬೆಳಗ್ಗೆಯಿಂದ ಪಾವನಾಳ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು. ಹತ್ತು ತಿಂಗಳ ಕೂಸಿಗೇನು, ಸಿಕ್ಕಿದ್ದೆಲ್ಲ ಬಾಯಿಗೆ.

ಎಲ್ಲಕ್ಕೂ ಮೂಲ ಅವಳ ಗಂಡ ಶ್ರೇಯಸ್. ಸ್ವೀಡನ್ನಿನ ಮೋಲ್ನ್‌ಡಾಲ್‌ ಊರಿನ ಔಷಧ ಲ್ಯಾಬಿನಲ್ಲಿ ಎರಡೆರಡು ಗ್ಲೌಸ್ ತೊಟ್ಟು ದುಡಿಯುವ ಮಹಾನುಭಾವ. ಶನಿವಾರ ಬಂತೆಂದರೆ ಗೋಥೆನ್‌ಬರ್ಗ್ ಬಂದರಿಗೆ ಓಡಿ, ಬರಿಗೈಯಲ್ಲಿ ಒಂದು ಮುದಿ ಹಡಗಿನ ತುಕ್ಕು ಕೆರೆಯುತ್ತಾನೆ. ಹಡಗೆಂದರೆ ಹೆಸರಿಗಷ್ಟೇ. ದೀಪಸ್ತಂಭ ಕಟ್ಟಲಾಗದ ಕಡೆ, ಸಮುದ್ರದ ನಡುವೆ ಲಂಗರು ಹಾಕಿ, ಕಂಬದ ತುದಿಗೆ ದೀಪ ಹಚ್ಚಿ ಇದನ್ನು ನಿಲ್ಲಿಸುತ್ತಿದ್ದರಂತೆ. ಬೇರೆ ಹಡಗುಗಳು ದೇಶ ಸುತ್ತಿದರೆ, ಇದು ನಿಂತಲ್ಲೇ ಓಲಾಡಿ ಒಳಗಿದ್ದವರಿಗೆ ವಾಂತಿ ಮಾಡಿಸಿದ್ದೇ ಸಾಧನೆ. ಆಮೇಲೆ ಸಮುದ್ರದ ತಳಕ್ಕೇ ಕಾಂಕ್ರೀಟ್ ಇಳಿಸಿ ದೀಪಸ್ತಂಭ ನಿಲ್ಲಿಸುವುದನ್ನು ಕಲಿತರು. ಇದರ ಕೆಲಸ ಮುಗಿಯಿತು. ಗುಜರಿಗೆ ಹಾಕುವುದು ಬಿಟ್ಟು, ರಿಟೈರಾದವರೆಲ್ಲ ಸಂಘ ಕಟ್ಟಿಕೊಂಡು ಕೆರೆಯುತ್ತಾರೆ, ಬಳಿಯುತ್ತಾರೆ, ಫೀಕಾ ಅಂತ ಕಾಫಿ ಕುಡಿಯುತ್ತಾರೆ, ಮತ್ತೆ ಕೆರೆಯುತ್ತಾರೆ. ಮಗಳ ಊಟದ ಕುರ್ಚಿ ಮಾತ್ರ ಇನ್ನೂ ಡಬ್ಬದಲ್ಲೇ ಇದೆ. ಅದು ಪರಂಪರೆಯಲ್ಲವಲ್ಲ!

ನಿನ್ನೆ ಆಯುಧಪೂಜೆ. ಪಾವನಾ ಲ್ಯಾಪ್‌ಟಾಪು, ಸೈಕಲ್ ಕೀ ಇಟ್ಟಳು. ಶ್ರೇಯಸ್ ಹಡಗಿನಿಂದ ತುಕ್ಕು ಕೆರೆಯುವ ಸುತ್ತಿಗೆಯನ್ನೇ ತಂದು, ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದ. ಬೆಳಗ್ಗೆ ನೋಡಿದರೆ ಅಹನಾ ತಟ್ಟೆಯ ಮುಂದೆ ಕೂತು ಕೆಂಪು ಬೆರಳು ಚೀಪುತ್ತಿದ್ದಳು. ಕುಂಕುಮವಿರಬೇಕೆಂದು ಪಾವನಾ ಬಾಯಿ ಒರೆಸಿದಳು. ಆದರೆ ಸುತ್ತಿಗೆ ಎತ್ತಿದಾಗ ಅದರಿಂದ ಕೆಂಪು ಚಕ್ಕೆಗಳು ಉದುರಿದವು.

"ಶ್ರೇಯಸ್, ಏನೋ ಇದು?"

"ಒರಿಜಿನಲ್ ಪೇಂಟ್ ಕಣೆ! ಅಡಿಯ ಪದರ. ಸೀಸ ಬೆರೆಸಿದ್ದಕ್ಕೇ ಹಡಗನ್ನ ಇನ್ನೂ ಪೂರ್ತಿ ತುಕ್ಕು ತಿಂದಿಲ್ಲ ಅಂತಾರೆ ಸಂಘದಲ್ಲಿ."

"ಸೀಸ! ದೇವರ ತಟ್ಟೇಲಿ! ನಿಮ್ಮ ಲ್ಯಾಬಲ್ಲಿ ಇಲಿಗೆ ಇದನ್ನ ತಿನ್ನಿಸೋಕೆ ಎಷ್ಟು ಜನರ ಪರ್ಮಿಶನ್ ಬೇಕು?"

"ಚೂರೇ ಚೂರು ಹೋಗಿರುತ್ತೆ, ಬಿಡು. ಮೊನ್ನೆ ಅವಳು ಸೀನಿದ್ದಕ್ಕೂ ನೀನು ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿದ್ದೆ. ಅಲ್ಲಿನ ನರ್ಸ್‌ಗೆ ನಿನ್ನ ದನಿ ಬಾಯಿಪಾಠ ಆಗಿದೆ. ನಗ್ತಾರೆ."

ನಗುತ್ತಾರೆಂಬ ಆ ಮಾತೇ ಮಧ್ಯಾಹ್ನದವರೆಗೆ ಅವಳ ಕೈ ಕಟ್ಟಿಹಾಕಿತ್ತು. ಅಷ್ಟರಲ್ಲಿ ಕೆಂಪು ಪುಡಿ ಮೆತ್ತಿದ ಸಂಘದ ಜಾಕೆಟ್ ತೊಟ್ಟೇ ಶ್ರೇಯಸ್ ಮಗಳನ್ನೆತ್ತಿಕೊಂಡ. ಕೂಸು ಅದರ ತೋಳಿಗೆ ಬಾಯಿ ಹಾಕಿತು.

"ನೋಡೇ, ಇವಳಿಗೂ ಹಡಗಂದ್ರೆ ಇಷ್ಟ!"

ಪಾವನಾ ಮಗುವನ್ನು ಕಿತ್ತುಕೊಂಡು, ವಿಷ ಮಾಹಿತಿ ಕೇಂದ್ರದ ನಂಬರ್ ಒತ್ತಿದಳು. ನಗುವವರು ನಗಲಿ. ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು:

"ಹತ್ತು ತಿಂಗಳ ಮಗು. ಸೀಸದ ಬಣ್ಣ ಬಾಯಿಗೆ ಹೋಗಿದೆ. ಇಲ್ಲ, ಆಟಿಕೆಯದಲ್ಲ, ಹಡಗಿನದು. ಹೌದು, ಮನೆಯೊಳಗೇ. ತಂದವರು ಇಲ್ಲೇ ಇದ್ದಾರೆ, ವಿಜ್ಞಾನಿ. ಫೋನ್ ಅವರಿಗೇ ಕೊಡ್ತೀನಿ, ಕೇಳಿ."