ಕ್ಯಾಮೆರಾದ ನೆತ್ತಿಯ ಮೇಲಿನ ಸಣ್ಣ ಲೈಟು

ತೊಂಬತ್ತರ ದಶಕದಲ್ಲಿ ಮದುವೆಯ ವಿಡಿಯೋ ತೆಗೆಯಲು ಇಬ್ಬರು ಬೇಕಿತ್ತು. ಕ್ಯಾಮೆರಾ ಹೊತ್ತವನೊಬ್ಬ, ಅವನ ಪಕ್ಕದಲ್ಲಿ ಸಾವಿರ ವಾಟಿನ ಲೈಟನ್ನು ತಲೆಗಿಂತ ಎತ್ತರಕ್ಕೆ ಹಿಡಿದವನೊಬ್ಬ. ಅವರ ಹಿಂದೆ ಇಡೀ ಛತ್ರವನ್ನು ಸುತ್ತಿಕೊಂಡು ಬರುವ ವೈರು. ಆ ಲೈಟು ಊಟದ ಸಾಲಿಗೆ ಬಂತೆಂದರೆ ಜನ ಬಾಯಿಗಿಟ್ಟ ತುತ್ತನ್ನು ಅಗಿಯಲೂ ನಾಚಿ ಸುಮ್ಮನೆ ಕೂರುತ್ತಿದ್ದರು. ಮದುಮಗಳ ಪೌಡರು ಬೆವರಿನ ಜೊತೆ ಇಳಿಯುತ್ತಿತ್ತು. ಆದರೂ ಯಾರೂ ಬೇಡ ಅನ್ನುತ್ತಿರಲಿಲ್ಲ. ಲೈಟು ಎಷ್ಟು ದೊಡ್ಡದೋ ವಿಡಿಯೋದವರು ಅಷ್ಟು ದೊಡ್ಡವರು ಎಂಬ ಲೆಕ್ಕಾಚಾರ ಎಲ್ಲರ ತಲೆಯಲ್ಲೂ ಕೂತಿತ್ತು.

ನಮ್ಮನೆಯವರು ಈ ಪಂಥದ ಪರಮ ಭಕ್ತರು. ಹಲಸೂರಿನಲ್ಲಿ ಅವರದೊಂದು ಪುಟ್ಟ ಸ್ಟುಡಿಯೋ ಇತ್ತು. ನಾನು ಅಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ, ಬಂದವರಿಗೆ ಬಾಚಣಿಗೆ ಕೊಡುತ್ತ ಇದ್ದವಳು. ಕ್ಯಾಮೆರಾ ನನ್ನ ಕೈಗೆ ಬಂದದ್ದು ಗಂಡನ ಔದಾರ್ಯದಿಂದಲ್ಲ, ಗಿರಾಕಿಗಳ ಒತ್ತಾಯದಿಂದ. ಶಿವಾಜಿನಗರ, ಫ್ರೇಜರ್ ಟೌನ್ ಕಡೆಯ ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಕಡೆಗೆ, ಅಂದರೆ ಜನಾನಾಕ್ಕೆ, ಹೊರಗಿನ ಗಂಡಸರು ಕಾಲಿಡುವಂತಿರಲಿಲ್ಲ. ಗಂಡಸರ ಕಡೆಯ ಬಿರಿಯಾನಿಯ ಹಂಡೆಗಳೆಲ್ಲ ವಿಡಿಯೋದಲ್ಲಿ ಬರುತ್ತಿದ್ದವು, ಮದುಮಗಳೇ ಬರುತ್ತಿರಲಿಲ್ಲ. ನನ್ನ ಅಪ್ಪ ಅಮ್ಮ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿ ನಿಂತವರು. ಪಕ್ಕದ ಕೋಣೆಯವರದು ದಖನಿ ಉರ್ದು ಮಾತು, ನನಗೆ ಅದು ಕುಂಟೆಬಿಲ್ಲೆಯ ಜೊತೆಗೇ ಬಂದಿತ್ತು. ಹೀಗೆ ಜನಾನಾದ ಬಾಗಿಲು ನನಗೆ ತೆರೆಯಿತು. ಆದರೆ ಲೈಟು ಹಿಡಿಯುವವನು ಬಾಗಿಲ ಹೊರಗೇ ಉಳಿದ. ಕ್ಯಾಮೆರಾ, ಲೈಟು ಎರಡೂ ನನ್ನೊಬ್ಬಳ ಮೈಮೇಲೆಯೇ ಇರಬೇಕಾಯಿತು.

ಈಗ ಹೇಳುವುದು ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಒಂದು ಮದುವೆಯ ವಿಷಯ. ಬಟ್ಟೆ ವ್ಯಾಪಾರದ ಮನೆ, ಒಬ್ಬಳೇ ಮಗಳು. ಅವಳ ತಾಯಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಕಿಟಕಿಯಿಲ್ಲದ ಒಳಕೋಣೆಯ ಮಂಚವೇ ಅವರ ಪ್ರಪಂಚ. ಮದುವೆ ನಡೆಯುವ ಶಾದಿ ಮಹಲಿಗೆ ಅವರನ್ನು ಎತ್ತಿಕೊಂಡು ಹೋಗುವ ಮಾತು ಬಂದಿತ್ತಂತೆ, ಅವರೇ ಬೇಡ ಎಂದಿದ್ದರು. ಮದುವೆಯ ವಿಡಿಯೋ ಒಪ್ಪಿಕೊಳ್ಳಲು ಹೋದ ದಿನ ನನ್ನನ್ನು ಮಂಚದ ಹತ್ತಿರ ಕರೆದು, ಒಂದೊಂದೇ ಮಾತನ್ನು ಹುಡುಕಿಕೊಂಡು ಹೇಳಿದರು.

"ನಾನು ಬರೋಕಾಗಲ್ಲ ಬೇಟಾ. ನೀನು ಏನ್ ತೆಗೀತೀಯೋ, ನನಗೆ ಅದೇ ಮದುವೆ."

ಈ ಮಾತು ಹೊತ್ತುಕೊಂಡು ಮನೆಗೆ ಬಂದರೆ ನಮ್ಮನೆಯವರು ಆಗಲೇ ಯಾರಿಂದಲೋ ಹಳೆಯ ಲೈಟೊಂದನ್ನು ತಂದಿಟ್ಟಿದ್ದರು. ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವಂಥದೇ, ಆದರೆ ಉರಿದರೆ ಕೋಣೆಯ ಮೂಲೆಯ ಜೇಡನೂ ಓಡಬೇಕು, ಅಂಥದು. ಅದರ ಬ್ಯಾಟರಿ ಹೆಗಲಿಗೆ ನೇತುಹಾಕುವ ಚೀಲದಲ್ಲಿ, ಕೂಸಿನಷ್ಟು ಭಾರ. ಕ್ಯಾಮೆರಾ ಮಾತ್ರ ಅಂಗೈಗಿಂತ ತುಸು ದೊಡ್ಡದು. ಅಷ್ಟು ಸಣ್ಣ ಕ್ಯಾಮೆರಾಕ್ಕೆ ಇಷ್ಟು ಲೈಟು ಯಾಕೆ ಎಂದು ಕೇಳಿದೆ. "ಬೆಳಕು ಜಾಸ್ತಿ ಆಯ್ತು ಅಂತ ಇದುವರೆಗೆ ಯಾರಾದ್ರೂ ದುಡ್ಡು ವಾಪಸ್ ಕೇಳಿದ್ದಾರೇನೇ?" ಅಂದರು. ನಾನು ಚೀಲವನ್ನು ಹೆಗಲಿಗೆ ಹಾಕಿ ಭಾರ ನೋಡಿದೆ.

ಅರಿಶಿನದ ಶಾಸ್ತ್ರ ಅವರ ಮನೆಯಲ್ಲೇ ನಡೆಯಿತು. ಹಳದಿ ಬಟ್ಟೆ ತೊಟ್ಟು, ಸೆರಗನ್ನು ಹಣೆಯವರೆಗೆ ಇಳಿಸಿಕೊಂಡು ಹುಡುಗಿ ಮಣೆಯ ಮೇಲೆ ಕೂತಿದ್ದಳು. ನಾನು ಲೈಟು ಹಾಕಿದೆ. ಅಲ್ಲಿಯವರೆಗೆ ಕೇಕೆ ಹಾಕಿಕೊಂಡು ಅರಿಶಿನ ಹಚ್ಚುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ದುಪ್ಪಟ್ಟಾ ಎಳೆದುಕೊಂಡು ಗೋಡೆ ಕಡೆ ತಿರುಗಿದರು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿದವಳು ತೆರೆಯಲೇ ಇಲ್ಲ. ಕೆಲಸ ಮುಗಿಸಿ, ತಾಯಿ ನೋಡಲೆಂದು ಕ್ಯಾಮೆರಾದ ವೈರನ್ನು ಒಳಕೋಣೆಯಲ್ಲಿದ್ದ ಅವರ ಟೀವಿಗೆ ಸಿಕ್ಕಿಸಿದೆ. ಪರದೆಯ ಮೇಲೆ ಸುತ್ತಲೂ ಕತ್ತಲೆ, ನಡುವೆ ಸುಣ್ಣ ಬಳಿದಂಥ ಒಂದು ಬಿಳಿ ಮುಖ. ಮೂಗು, ತುಟಿ, ಹಚ್ಚಿದ ಅರಿಶಿನ ಯಾವುದೂ ಇಲ್ಲ. ತಾಯಿ ಬಹಳ ಹೊತ್ತು ನೋಡಿದರು.

"ಇದ್ರಲ್ಲಿ ನನ್ನ ಮಗಳು ಎಲ್ಲಿ?" ಎಂದು ಕೇಳಿದರು.

ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ಹುಡುಕುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ, ಇದಕ್ಕೆ ನನಗೆ ಅಳು ಬಂತು. ಬಸ್‌ಸ್ಟ್ಯಾಂಡಿನವರೆಗೂ ಮೂಗು ಒರೆಸಿಕೊಂಡೇ ನಡೆದೆ.

ಮನೆಯಲ್ಲಿ ಜಗಳವಾಯಿತು. "ಮುಖ ಬೆಳ್ಳಗೆ ಬಂದ್ರೆ ಬೇಡ ಅಂತಾರಾ? ಖುಷಿ ಪಡ್ತಾರೆ ಬಿಡೇ," ಅಂದರು ಇವರು. "ಮೂಗೇ ಇಲ್ರೀ ಅದ್ರಲ್ಲಿ! ಮೂಗಿಲ್ದಿರೋ ಮಗಳನ್ನ ನೋಡಿ ಯಾವ ತಾಯಿ ಖುಷಿ ಪಡ್ತಾಳೆ?" ಅಂದೆ. ಕೊನೆಗೆ, ಬೇರೆ ಲೈಟು ಬೇಕಾದರೆ ನಿನ್ನಿಷ್ಟ, ಆದರೆ ಕೈಗೆಟುಕುವ ಬೆಲೆಯದನ್ನು ಮಾತ್ರ ತಾ ಎಂದು ಅವರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಮಾರನೆಯ ದಿನ ಒಬ್ಬಳೇ ಶಿವಾಜಿನಗರಕ್ಕೆ ಹೋದೆ.

ಕ್ಯಾಮೆರಾ ಸಾಮಾನಿನ ಅಂಗಡಿಯವರು ಸಜ್ಜನರು, ಆದರೆ ಅವರೂ ಅದೇ ಪಂಥ. ದೊಡ್ಡದನ್ನೇ ಮುಂದೆ ಮುಂದೆ ಸರಿಸಿದರು. "ಇದು ನೋಡಿ ಅಕ್ಕಾ, ಹಾಲ್‌ನ ಆ ಕೊನೆ ತನಕ ಹೊಡೀತದೆ!" ಎಂದು ಎದುರಿನ ಗೋಡೆಗೆ ಬೆಳಕು ಬಿಟ್ಟು ತೋರಿಸಿದರು. ನಾನು ತೆಗೆಯಬೇಕಾದ್ದು ಗೋಡೆಯನ್ನಲ್ಲವಲ್ಲ ಎನಿಸಿತು. "ನನ್ನ ಮುಖಕ್ಕೆ ಬಿಡಿ," ಅಂದೆ. ಅವರಿಗೆ ಸಂಕೋಚ. ಪಕ್ಕದ ಬಳೆ ಅಂಗಡಿಯಿಂದ ಕನ್ನಡಿಯೊಂದನ್ನು ಕೇಳಿ ತಂದು ಎದುರಿಗೆ ಹಿಡಿದುಕೊಂಡೆ. ಒಂದೊಂದಾಗಿ ಲೈಟು ಹಾಕಿಸಿ, ಕಣ್ಣು ಪಿಳುಕಿಸದೆ ನನ್ನನ್ನು ನಾನೇ ನೋಡಿಕೊಳ್ಳಲು ಆಗುತ್ತದೆಯೇ ಎಂದು ಪರೀಕ್ಷೆ ಮಾಡಿದೆ. ದೊಡ್ಡದಕ್ಕೆ ಕಣ್ಣಲ್ಲಿ ನೀರು ಬಂತು. ನಡುವಿನದು ಕ್ಯಾಮೆರಾದ ಬ್ಯಾಟರಿಯಿಂದಲೇ ಉರಿಯುವಂಥದು; ಕಡಲೆಕಾಯಿ ತಿಂದಂತೆ ಬ್ಯಾಟರಿ ತಿಂದು ಕ್ಯಾಮೆರಾವನ್ನೇ ಮಲಗಿಸುತ್ತದೆ ಎಂದು ಅವರೇ ಒಪ್ಪಿಕೊಂಡರು. ಕಡೆಗೆ ಗಾಜಿನ ಕಪಾಟಿನ ಮೂಲೆಯಿಂದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಲೈಟು ಹೊರಬಂತು. ಸೊಂಟಕ್ಕೆ ಕಟ್ಟಿಕೊಳ್ಳುವ ಸ್ವಂತ ಬ್ಯಾಟರಿ, ಹಳದಿ ಬೆಳಕು. ಕನ್ನಡಿಯಲ್ಲಿ ನನ್ನ ಮೂಗು ಇತ್ತು, ಮೂಗುಬೊಟ್ಟೂ ಇತ್ತು.

"ಅದು ಬೇಡ ಅಕ್ಕಾ, ಯಾರೂ ತಗೊಳ್ಳಲ್ಲ. ಬೇಗ ಆರೋಗ್ತದೆ," ಅಂದರು.

ಯಾರೂ ಕೊಳ್ಳದ್ದರಿಂದಲೇ ಅದು ನನ್ನ ಕೈಗೆಟುಕುವ ಬೆಲೆಗೆ ಸಿಕ್ಕಿತು.

ಬೆಳಕು ಇನ್ನಷ್ಟು ಮೆತ್ತಗಾಗಲೆಂದು ಮನೆಯಲ್ಲಿ ಅದಕ್ಕೊಂದು ಮುಸುಕು ಹಾಕಬೇಕೆನಿಸಿತು. ಮೊದಲು ಬಿಳಿ ಕರ್ಚೀಫು ಕಟ್ಟಿದೆ. ಅದು ಕಂದಿ ಸೀದ ವಾಸನೆ ಬಂತು. ನಮ್ಮನೆಯವರು ಪೇಪರಿನ ಹಿಂದಿನಿಂದ ನಕ್ಕರು. ಆಮೇಲೆ ಬೇಕರಿಯಿಂದ ಬಟರ್ ಪೇಪರ್ ತಂದು, ಗಾಜಿಗೆ ತಾಗದಂತೆ ಮುಂದಕ್ಕೆ ಚಾಚಿ, ತಲೆಯ ಕ್ಲಿಪ್ಪುಗಳಿಂದ ಸಿಕ್ಕಿಸಿದೆ. ನಗು ನಿಂತಿತು. ಎದ್ದು ಬಂದು ಕ್ಯಾಮೆರಾದೊಳಗೆ ಇಣುಕಿ, "ಪರ್ವಾಗಿಲ್ಲ," ಅಂದರು. ಅವರ ಬಾಯಲ್ಲಿ ಆ ಮಾತು ಬರುವುದೇ ಅಪರೂಪ.

ನಿಕಾಹ್ ದಿನ ಶಾದಿ ಮಹಲಿನ ಜನಾನಾದಲ್ಲಿ ಈ ಲೈಟನ್ನು ನೋಡಿ ಹುಡುಗಿಯ ಸೋದರತ್ತೆ ಮೂಗು ಮುರಿದರು. "ಇಷ್ಟೇನಾ ಲೈಟು? ನಮ್ಮ ಮನೆ ಬಾತ್‌ರೂಮ್ ಬಲ್ಬು ಇದಕ್ಕಿಂತ ಜೋರಿದೆ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ದಿನ ಯಾರೂ ಗೋಡೆಗೆ ತಿರುಗಲಿಲ್ಲ. ಬೇಗ ಆರುವ ಲೈಟು ಎಂದು ಗೊತ್ತಿದ್ದರಿಂದ ಎಲ್ಲದಕ್ಕೂ ಉರಿಸುವಂತಿರಲಿಲ್ಲ. ಯಾರ ಮುಖಕ್ಕೆ ಬೇಕು, ಯಾವ ಗಳಿಗೆಗೆ ಬೇಕು ಎಂದು ನೋಡಿ ನೋಡಿ ಹಾಕುತ್ತಿದ್ದೆ. ಅಷ್ಟು ಗಮನ ಕೊಟ್ಟು ನಾನು ಯಾವ ಮದುವೆಯನ್ನೂ ನೋಡಿರಲಿಲ್ಲ. ಹುಡುಗಿ ಒಪ್ಪಿಗೆ ಹೇಳಿದಾಗ ಅವಳ ಕೆಳತುಟಿ ನಡುಗಿತು. ಅದು ನನ್ನ ಟೇಪಿನಲ್ಲಿ ಬಂತು.

ಗಂಡನ ಮನೆಗೆ ಹೋಗುವ ದಾರಿಯಲ್ಲಿ ಹುಡುಗಿಯನ್ನು ತಾಯಿಯ ಹತ್ತಿರ ಕರೆತರಬೇಕೆಂದು ಮೊದಲೇ ಮಾತಾಗಿತ್ತು. ಅದಕ್ಕೆಂದೇ ಬ್ಯಾಟರಿಯಲ್ಲಿ ಸ್ವಲ್ಪ ಉಳಿಸಿಕೊಂಡಿದ್ದೆ. ಸಂಜೆಯ ಹೊತ್ತಿಗೆ ಗಲ್ಲಿಗೆ ಬಂದರೆ ಕರೆಂಟು ಇಲ್ಲ. ಆ ಕಾಲಕ್ಕೆ ಅದೇನು ವಿಶೇಷವಲ್ಲ. ಒಳಕೋಣೆ ಮಾತ್ರ ಕಪ್ಪಗೆ ಕಪ್ಪು. ಯಾರೋ ಮೊಂಬತ್ತಿ ಹುಡುಕಲು ಓಡಿದರು. ಹೊರಗೆ ಕಾರು ಹಾರನ್ ಹೊಡೆಯುತ್ತಿತ್ತು, ಗಂಡಿನ ಕಡೆಯವರಿಗೆ ಅವಸರ. ನಾನು ಲೈಟು ಹಾಕಿದೆ. ಹುಡುಗಿ ಮಂಚದ ಅಂಚಿಗೆ ಕೂತು ಮುಸುಕೆತ್ತಿದಳು. ಅತ್ತು ಅತ್ತು ಊದಿದ ಕಣ್ಣುಗಳು, ಆ ಕತ್ತಲೆಯಲ್ಲಿ ನನ್ನ ಸಣ್ಣ ಬೆಳಕನ್ನೂ ತಾಳದೆ ಮುಚ್ಚಿಕೊಂಡವು.

"ಆಂಖ್ ಖೋಲ್ ಬೇಟಾ," ಅಂದರು ತಾಯಿ. ಕಣ್ಣು ತೆರೆಯೇ ಮಗಳೇ. ಅವಳಿಗೆ ಆಗಲಿಲ್ಲ.

ಹೊರಗೆ ಮತ್ತೆ ಹಾರನ್. ನಾನು ಲೈಟನ್ನು ಕ್ಯಾಮೆರಾದ ನೆತ್ತಿಯಿಂದ ಕಳಚಿದೆ. ಕ್ಯಾಮೆರಾವನ್ನು ಹಾಸಿಗೆಯ ಮೇಲಿಟ್ಟು, ಬಟರ್ ಪೇಪರ್ ಕಿತ್ತು, ಲೈಟನ್ನು ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿ ಹಿಡಿದೆ. ಗೋಡೆಯಿಂದ ಬೆಳಕು ಮೆತ್ತಗೆ ಕೋಣೆಗೆ ಇಳಿಯಿತು. ಅಷ್ಟು ಮಂದ ಬೆಳಕಲ್ಲಿ ಆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮನುಷ್ಯರ ಕಣ್ಣಿಗೆ ಸಾಕಿತ್ತು. ಹುಡುಗಿ ಕಣ್ಣು ತೆರೆದಳು. ತಾಯಿ ತಮ್ಮ ಆಡುವ ಕೈಯಿಂದ ಅವಳ ಗಲ್ಲ ಹಿಡಿದು, ಬೈತಲೆಯಿಂದ ಹಿಡಿದು ಮೂಗುತಿಯವರೆಗೆ ಒಂದೊಂದನ್ನೇ ನೋಡಿದರು, ಏನೇನೋ ಹೇಳಿದರು. ನನ್ನ ಕೈ ನೋಯುತ್ತಿತ್ತು. ಲೈಟು ಕೆಂಪಗಾಗಿ, ಇನ್ನಷ್ಟು ಕೆಂಪಗಾಗಿ, ಆರಿತು. ಅಷ್ಟರಲ್ಲಿ ಮೊಂಬತ್ತಿ ಬಂತು, ಹುಡುಗಿಯನ್ನು ಎಬ್ಬಿಸಿಕೊಂಡು ಹೋದರು.

ಕ್ಯಾಸೆಟ್ ಸಿದ್ಧಮಾಡುವಾಗ ನೋಡಿದರೆ ಹಾಸಿಗೆಯ ಮೇಲೆ ಕ್ಯಾಮೆರಾ ಓಡುತ್ತಲೇ ಇತ್ತು. ಬರೀ ಕಪ್ಪು ಪರದೆ, ಅದರೊಳಗಿಂದ ತಾಯಿಯ ಮಾತು, ಹುಡುಗಿಯ ಬಿಕ್ಕು, ಹಾರನ್ನು. ಇದನ್ನು ಕತ್ತರಿಸೋಣ, ಮಾನ ಹೋಗುತ್ತದೆ ಎಂದರು ನಮ್ಮನೆಯವರು. ಆ ತಾಯಿ ನೋಡಲಿ ಮೊದಲು, ಆಮೇಲೆ ಕತ್ತರಿಸಿ ಅಂದೆ.

ಕ್ಯಾಸೆಟ್ ಒಯ್ದು ಮಂಚದ ಪಕ್ಕ ಕೂತು ತೋರಿಸಿದೆ. ತುಟಿ ನಡುಗಿದ ಜಾಗಕ್ಕೆ ತಾಯಿ ನಕ್ಕರು. ಮೂಗು ಮುರಿದ ನಾದಿನಿಯನ್ನು ಕಂಡೂ ನಕ್ಕರು. ಕೊನೆಗೆ ಪರದೆ ಕಪ್ಪಾಯಿತು. ನಾನು ಗಾಬರಿಯಲ್ಲಿ ಮುಂದೆ ಓಡಿಸಲು ರಿಮೋಟಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬಿಡು ಬೇಟಾ. ಇಲ್ಲಿ ನನಗೆ ಎಲ್ಲಾ ಕಾಣ್ತದೆ," ಅಂದರು.